ಸಮಾನ ಅಥವಾ ಉತ್ತಮ ದರ್ಜೆಯ ಒಂದು ಹಳದಿ ಏಣಿ

ಗ್ರಾಹಕರ ದೂರುಗಳನ್ನು ವಿಲೇವಾರಿ ಮಾಡುವ ಮಾನ್ಯ ಅಧಿಕಾರಿಗಳೇ,

ನಾನು ಕೇಳಿದ್ದು ಕರೆಂಟ್ ಹರಿಯದ ಏಣಿ. ಕಂಪನಿಯವರು ಕಳಿಸಿದ್ದು ಕರೆಂಟ್ ಹರಿಯುವ ಏಣಿ. ಎರಡೂ ಹಳದಿ ಬಣ್ಣದವು, ಎರಡೂ ಒಂದೇ ಉದ್ದದವು. ಬದಲಾಯಿಸುವ ಮೊದಲು ನನ್ನನ್ನು ಯಾರೂ ಕೇಳಲಿಲ್ಲ, ಬದಲಾಯಿಸಿದ ಮೇಲೆ ಯಾರೂ ಹೇಳಲಿಲ್ಲ. ಆ ಏಣಿ ಹಿಡಿದ ಗಿಡ್ಡಯ್ಯ ಎಡಗೈಯ ಮೂರು ಬೆರಳು ಕಳೆದುಕೊಂಡ. ನನ್ನ ದೂರನ್ನು ತಾವು ‘ಇತ್ಯರ್ಥವಾಗಿದೆ’ ಎಂದು ಬರೆದು ಮುಚ್ಚಿದ್ದೀರಿ. ಇತ್ಯರ್ಥವಾದದ್ದು ಯಾವುದು ಎಂದು ಕೇಳಿ ನಾನು ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಆದ್ದರಿಂದ ಈ ಸಲ ಲಕೋಟೆಗೆ ಅಂಟು ಹಚ್ಚದೆ, ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ.

ಕೋಪದಿಂದ ಬರೆಯುತ್ತಿದ್ದೇನೆ ಎಂದು ತಿಳಿಯಬೇಡಿ. ಕೋಪ ಕಳೆದ ಮಳೆಗಾಲದಲ್ಲೇ ಮುಗಿಯಿತು. ನಿಮ್ಮ ಸಹಾಯವಾಣಿಯಲ್ಲಿ ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂಬ ಹೆಣ್ಣುದನಿಯನ್ನು ಕೇಳಿ ಕೇಳಿ, ಅದರ ಹಿಂದೆ ಬರುವ ಸಂಗೀತ ಈಗ ನನಗೆ ಒಲೆಯ ಮುಂದೆ ನಿಂತಾಗಲೂ ಬಾಯಿಗೆ ಬರುತ್ತದೆ. ಉಳಿದಿರುವುದು ಸುಸ್ತು ಮಾತ್ರ. ಸುಸ್ತಾದವರು ಸುಳ್ಳು ಹೇಳುವ ಶ್ರಮ ತೆಗೆದುಕೊಳ್ಳುವುದಿಲ್ಲ ಎಂಬುದನ್ನಾದರೂ ನಂಬಿ ಮುಂದೆ ಓದಿ.

ಬಾಳ್ಳುಪೇಟೆಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ಬಂದರೆ ನಮ್ಮ ತೋಟ. ತೋಟ ಎಂದೊಡನೆ ತಮ್ಮ ಕಣ್ಣಿಗೆ ಬಂಗಲೆ, ಜೀಪು, ಲೆಕ್ಕ ಬರೆಯುವ ರೈಟರು ಕಂಡರೆ ದಯವಿಟ್ಟು ಅವನ್ನು ಅಳಿಸಿಕೊಳ್ಳಿ. ಒಂದಿಷ್ಟು ಕಾಫಿ, ನೆರಳಿಗೆ ಸಿಲ್ವರ್ ಮರ, ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ಯಜಮಾನರು ಸೊಸೈಟಿಯ ಕೆಲಸಕ್ಕೆ ಹೋಗುತ್ತಾರೆ. ತೋಟ ನೋಡುವವಳು ನಾನು. ನಾನು ಮದುವೆಯಾಗಿ ಬರುವುದಕ್ಕೆ ಮೊದಲೇ ಈ ತೋಟದ ಮೇಲೆ ಹನ್ನೊಂದು ಸಾವಿರ ವೋಲ್ಟಿನ ತಂತಿ ಹಾದುಹೋಗಿತ್ತು. ತಂತಿಯ ಮಗ್ಗುಲಿಗೇ ಸಿಲ್ವರ್ ಮರಗಳ ಒಂದು ಸಾಲು ಇದೆ, ನಮ್ಮಲ್ಲಿ ಅತಿ ಚೆನ್ನಾಗಿ ಮೆಣಸು ಹಿಡಿಯುವುದು ಅದೇ ಸಾಲು. ತಂತಿಯನ್ನು ಪಕ್ಕಕ್ಕೆ ಸರಿಸಿ ಎಂದು ಕೇಳಿಕೊಂಡದ್ದುಂಟು. ಅದು ಬೇರೆ ಇಲಾಖೆ, ಬೇರೆ ಪತ್ರ, ಬೇರೆ ಸುಸ್ತು. ಕರೆಂಟ್ ತೆಗೆಸಿ ಕುಯ್ಯುವ ಕ್ರಮವೂ ಇದೆ. ಆದರೆ ಆಳು ಬಂದ ದಿನ ಕರೆಂಟ್ ತೆಗೆಯುವುದಿಲ್ಲ, ಕರೆಂಟ್ ತೆಗೆದ ದಿನ ಆಳು ಬೇರೆ ಎಸ್ಟೇಟಿನಲ್ಲಿರುತ್ತಾರೆ.

ಈ ಕಡೆ ಮೆಣಸು ಕುಯ್ಯುವಾಗ ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ಸತ್ತವರ ಸುದ್ದಿ ಬಾರದ ವರ್ಷ ಕಡಿಮೆ. ಅದಕ್ಕೇ ನಮ್ಮ ತೋಟದಲ್ಲಿ ಎರಡು ಏಣಿ ಇಟ್ಟುಕೊಂಡೆವು. ಬಿಳಿಯದು ಅಲ್ಯೂಮಿನಿಯಂ, ಹಳದಿಯದು ಫೈಬರ್. ಬಿಳಿ ಏಣಿ ತಂತಿಯ ಸಾಲಿಗೆ ಬರಕೂಡದು. ತಂತಿಯ ಸಾಲಿಗೆ ಹಳದಿಯೊಂದೇ. ಓದು ಬಂದವರಿಗೂ ಬಾರದವರಿಗೂ, ಒಡಿಶಾದಿಂದ ಬಂದ ಕೂಲಿಯವರಿಗೂ ಇಷ್ಟು ಹೇಳಿದರೆ ಸಾಕಿತ್ತು. ಬಣ್ಣಕ್ಕೆ ಭಾಷೆ ಬೇಕಾಗಿಲ್ಲವಲ್ಲ.

ಇನ್ನೊಂದು ಕ್ರಮವನ್ನೂ ತಾವು ತಿಳಿಯಬೇಕು, ನಡೆದದ್ದೆಲ್ಲ ಅದರಿಂದಲೇ ನಡೆಯಿತು. ಬಿಳಿ ಏಣಿಯನ್ನು ಒಂದು ಮರದಿಂದ ಇನ್ನೊಂದಕ್ಕೆ ಒಯ್ಯುವಾಗ ಇಳಿಸಿ, ಮಡಿಸಿ, ಇಬ್ಬರು ಹೆಗಲ ಮೇಲೆ ಮಲಗಿಸಿಕೊಂಡು ಹೋಗುತ್ತಾರೆ. ಮಲಗಿಸಿ ಹೊತ್ತರೆ ಕಾಫಿ ಗಿಡದ ರೆಂಬೆಗಳು ಮುರಿಯುತ್ತವೆ. ಮೆಣಸು ಕುಯ್ಯುವ ಕಾಲ ಎಂದರೆ ಕಾಫಿ ಗಿಡ ಹೂವರಳಿಸುವ ಮಳೆಗೆ ಕಾದು ನಿಂತಿರುವ ಕಾಲ. ಒಂದು ರೆಂಬೆ ಮುರಿದರೆ ಬರುವ ವರ್ಷದ ಹಣ್ಣು ಅಷ್ಟು ಕಡಿಮೆ. ಹಳದಿ ಏಣಿಗೆ ಆ ತೊಂದರೆ ಇಲ್ಲ. ಅದನ್ನು ನಿಲ್ಲಿಸಿಕೊಂಡೇ, ಉದ್ದ ಮಾಡಿದ್ದು ಉದ್ದ ಇದ್ದಂತೆಯೇ, ಎದೆಗೆ ಒತ್ತಿ ಹಿಡಿದು ಗಿಡಗಳ ನಡುವೆ ನಡೆಸಿಕೊಂಡು ಹೋಗಬಹುದು. ತುದಿ ಸ್ವಲ್ಪ ವಾಲಿ ತಂತಿಯ ಹತ್ತಿರ ಹೋದರೂ ಯಾರೂ ಬೆಚ್ಚುತ್ತಿರಲಿಲ್ಲ. ಹಾಗೆ ಮಾಡಬಾರದು ಎಂದು ಏಣಿ ಮಾಡಿದವರು ಎಲ್ಲೋ ಬರೆದಿರಬಹುದು. ನಾವು ಮಾತ್ರ ಹಳದಿಯನ್ನು ಅಷ್ಟು ನಂಬಿದ್ದೆವು. ಗಿಡ್ಡಯ್ಯನಂತೂ ಅದನ್ನು ಮನೆಯ ದನ ಹಿಡಿದುಕೊಂಡು ಹೋಗುವ ಹಾಗೆ ಮಾತಾಡಿಸುತ್ತಾ ಒಯ್ಯುತ್ತಿದ್ದ.

ಗಿಡ್ಡಯ್ಯನ ವಿಷಯ ಹೇಳಬೇಕು. ನಿಮ್ಮ ಕಡತದಲ್ಲಿ ಅವನು ‘ಮೂರನೇ ವ್ಯಕ್ತಿ’ ಎಂದು ಇದ್ದಾನೆ, ಹೆಸರಿಲ್ಲ. ವಯಸ್ಸಿನಲ್ಲಿ ನನಗಿಂತ ತುಸು ದೊಡ್ಡವನು. ಅವನೂ ಅವನ ಹೆಂಡತಿ ಹುಲಿಯಮ್ಮನೂ ನಮ್ಮ ಕಡೆಯ ಐದಾರು ತೋಟಗಳಲ್ಲಿ ಮೆಣಸು ಕುಯ್ಯುತ್ತಾರೆ. ಅವನು ಮೇಲೆ ಹತ್ತುತ್ತಾನೆ, ಆಕೆ ಏಣಿಯ ಬುಡ ಹಿಡಿಯುತ್ತಾಳೆ, ಉದುರಿದ್ದನ್ನು ಆರಿಸುತ್ತಾಳೆ. ಇಬ್ಬರೂ ಕೆಲಸ ಮಾಡುವಷ್ಟೂ ಹೊತ್ತು ಜಗಳವಾಡುತ್ತಾರೆ. ಕಾಫಿ ಕೊಟ್ಟರೆ ಸಕ್ಕರೆ ಕಡಿಮೆ ಎನ್ನುವವನು, ಸಕ್ಕರೆ ಹಾಕಿದರೆ ಪಾನಕವೇ ಎಂದು ಕೇಳುವವನು. ದೇವರಂಥ ಮನುಷ್ಯ ಎಂದು ಬರೆದರೆ ಹುಲಿಯಮ್ಮನೇ ನಕ್ಕಾಳು. ಸಾಧಾರಣ ಮನುಷ್ಯ, ಕೈಕಾಲು ನೆಟ್ಟಗಿದ್ದವನು, ನನ್ನ ತೋಟದಲ್ಲಿ ಕೈ ಕಳೆದುಕೊಂಡವನು.

ಕಳೆದ ವರ್ಷ ಕುಯ್ಲಿಗೆ ಮೊದಲು ಸಿಲ್ವರ್ ಮರದ ಒಣ ಕೊಂಬೆ ಬಿದ್ದು ಹಳೆಯ ಹಳದಿ ಏಣಿ ಸೀಳಿತು. ಬಾಳ್ಳುಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಪರಮಶಿವಯ್ಯನವರನ್ನು ಕೇಳಿದೆ. ಫೈಬರ್ ಏಣಿ ಅವರ ಬಳಿ ಇರಲಿಲ್ಲ, ಹಾಸನದ ಡೀಲರು ತರಿಸಿಕೊಡಲು ಕಾಲ ಹಿಡಿಯುತ್ತದೆ ಎಂದರು. ಮೆಣಸು ಕಾಯುವುದಿಲ್ಲ. ಮೊಬೈಲಿನಲ್ಲಿ ನೋಡಿದೆ. ‘ವಿದ್ಯುತ್ ನಿರೋಧಕ ಫೈಬರ್ ಏಣಿ, ಹಳದಿ’ ಎಂದು ಬರೆದಿತ್ತು, ಚಿತ್ರದಲ್ಲಿ ಒಬ್ಬ ಬಿಳಿ ಹೆಲ್ಮೆಟ್ಟಿನವನು ತಂತಿಯ ಪಕ್ಕದಲ್ಲೇ ನಿಂತು ನಗುತ್ತಿದ್ದ. ಅದನ್ನೇ ತರಿಸಿದೆ. ಬಣ್ಣ ನೋಡಿ ತರಿಸಲಿಲ್ಲ ಸ್ವಾಮಿ, ಮೊದಲ ಎರಡು ಪದ ನೋಡಿ ತರಿಸಿದೆ.

ಇನ್ನು ಸರಕು ತಲುಪುವ ವಿಷಯ. ತಮ್ಮ ನಿಯಮಗಳನ್ನು ಬರೆದವರು ಮನೆಬಾಗಿಲಿಗೆ ಲಿಫ್ಟ್ ಇರುವ ಊರಿನವರು ಎಂದು ನನ್ನ ಅನುಮಾನ. ನಮ್ಮಂಥವರ ಮನೆಗೆ ಡೆಲಿವರಿಯವರು ಬರುವುದಿಲ್ಲ. ಪರಮಶಿವಯ್ಯನವರ ಅಂಗಡಿ ಜಗಲಿಯಲ್ಲಿ ಇಳಿಸಿ ಫೋನ್ ಮಾಡುತ್ತಾರೆ. ಗಾಡಿ ಮಂಗಳೂರು ಕಡೆ ಹೋಗಬೇಕು, ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿರುತ್ತವೆ, ‘ಓಟಿಪಿ ಹೇಳಿ ಮೇಡಂ’ ಎನ್ನುತ್ತಾರೆ. ನಾವು ಸಿಗ್ನಲ್ ಸಿಗುವ ದಿಬ್ಬಕ್ಕೆ ಓಡಿ ಹೋಗಿ ಓಟಿಪಿ ಹೇಳುತ್ತೇವೆ. ಇಲ್ಲಿ ಎಲ್ಲರೂ ಮಾಡುವುದು ಹೀಗೆಯೇ. ಹೇಳದಿದ್ದರೆ ಸರಕು ವಾಪಸು ಹೋಗುತ್ತದೆ. ಹಾಗೆ ದಿಬ್ಬದ ಮೇಲೆ ನಿಂತು, ಕಣ್ಣಿಗೆ ಕಾಣದ ಏಣಿಯನ್ನು ನಾನು ‘ಪರಿಶೀಲಿಸಿ, ತೃಪ್ತಿಯಿಂದ ಸ್ವೀಕರಿಸಿದೆ’ ಎಂದು ಕಂಪನಿಯ ದಾಖಲೆಯಲ್ಲಿದೆ. ಆ ದಾಖಲೆಯನ್ನು ತಾವೂ ಒಪ್ಪಿದ್ದೀರಿ. ನನಗೆ ಇಷ್ಟು ದೂರದೃಷ್ಟಿ ಇದೆ ಎಂದು ನನಗೇ ಗೊತ್ತಿರಲಿಲ್ಲ.

ಸಂಜೆ ಊರಿನಲ್ಲಿ ಬಾಡಿಗೆ ಗಾಡಿ ಓಡಿಸುವ ರವಿಯ ಪಿಕಪ್ಪಿನಲ್ಲಿ ಏಣಿ ಮನೆಗೆ ಬಂತು. ಪ್ಲಾಸ್ಟಿಕ್ ಬಿಚ್ಚಿದೆವು. ಎರಡು ಮಗ್ಗುಲಿನ ಪಟ್ಟಿ ಹಳದಿ, ನಡುವಿನ ಮೆಟ್ಟಿಲು ಬೆಳ್ಳಗೆ, ಕಾಲಿಗೆ ಕರಿ ರಬ್ಬರು, ಎಲ್ಲವೂ ಹಳೆಯ ಏಣಿಯಲ್ಲಿ ಇದ್ದ ಹಾಗೆಯೇ. ಬದಲಿ ಸರಕು ಎಂದು ಯಾವ ಚೀಟಿಯೂ ಇರಲಿಲ್ಲ. ಕುಯ್ಲಿನ ಮೊದಲ ದಿನ ಏಣಿಗೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು ಕೆಲಸ ಶುರು ಮಾಡುವುದು ನಮ್ಮ ಪದ್ಧತಿ. ಹುಲಿಯಮ್ಮ ಕುಂಕುಮ ಇಡುತ್ತಾ, ‘ಇದು ತಂತಿ ಸಾಲಿಂದೇ ತಾನೆ ಅಮ್ಮ?’ ಎಂದು ಕೇಳಿದಳು. ಹೌದು ಎಂದೆ. ಗಿಡ್ಡಯ್ಯ ಎತ್ತಿ ನೋಡಿ ಖುಷಿಪಟ್ಟ.

‘ಈ ಸಲದ್ದು ಹಗುರಾಗೈತೆ ಕಣಮ್ಮ. ಹಳೇದು ಹೊತ್ತೂ ಹೊತ್ತೂ ನನ್ನ ಹೆಗಲು ಬಿದ್ದೋಗ್ಬುಟ್ಟಿತ್ತು.’

ನಮಗೆ ಹೊಳೆಯಬೇಕಿದ್ದದ್ದು ಆಗಲೇ. ಹೊಳೆಯಲಿಲ್ಲ. ವರ್ಷ ವರ್ಷಕ್ಕೆ ಫೋನು ಹಗುರವಾಗುತ್ತದೆ, ಕುಕ್ಕರು ಹಗುರವಾಗುತ್ತದೆ, ಏಣಿಯೂ ಹಗುರವಾಗಿದೆ ಎಂದುಕೊಂಡೆವು. ಹಳದಿಯಾಗಿತ್ತಲ್ಲ, ಅಷ್ಟು ಸಾಕಾಗಿತ್ತು.

ನಾನು ಕಣದಲ್ಲಿ ಮೆಣಸು ಹರಡುತ್ತಿದ್ದೆ. ಗಿಡ್ಡಯ್ಯ ಒಂದು ಮರ ಮುಗಿಸಿ ಏಣಿಯನ್ನು ಎಂದಿನಂತೆ ನಿಲ್ಲಿಸಿಕೊಂಡೇ ಮುಂದಿನ ಮರಕ್ಕೆ ನಡೆಸುತ್ತಿದ್ದ. ಪುಣ್ಯಕ್ಕೆ ಹುಲಿಯಮ್ಮ ಬುಡ ಬಿಟ್ಟು ಮೆಣಸು ಆರಿಸುತ್ತಿದ್ದಳು. ಚೀಲ ಹರಿದಂಥ ಒಂದು ಸದ್ದು ಕೇಳಿತು, ಆಮೇಲೆ ಹುಲಿಯಮ್ಮನ ಕೂಗು. ನಾನು ಹೋಗುವಷ್ಟರಲ್ಲಿ ಅವನು ಕಾಫಿ ಗಿಡಗಳ ನಡುವೆ ಬಿದ್ದಿದ್ದ. ಏಣಿ ಬೇರೆ ಕಡೆ ಬಿದ್ದಿತ್ತು. ಅಂಗಾಲು ಸುಟ್ಟು ಕರಿಯಾಗಿತ್ತು, ಎಡಗೈ ನೋಡುವ ಹಾಗಿರಲಿಲ್ಲ. ಅದೇ ಪಿಕಪ್ಪಿನಲ್ಲಿ ಸಕಲೇಶಪುರಕ್ಕೆ, ಅಲ್ಲಿಂದ ಹಾಸನಕ್ಕೆ ಹೋದೆವು. ಬದುಕಿದ್ದು ಹೆಚ್ಚು ಎಂದು ಡಾಕ್ಟರು ಹೇಳಿದರು. ಪ್ರಜ್ಞೆ ಬಂದ ಮೇಲೆ ಅವನು ಮೊದಲು ಕೇಳಿದ್ದು ಏಣಿ ಮುರಿಯಿತೇ ಎಂದು. ಹೊಸ ಏಣಿ ಹಾಳು ಮಾಡಿಬಿಟ್ಟೆನೆಂಬ ಚಿಂತೆ ಅವನಿಗೆ. ನಾನು ಹೊರಗೆ ಹೋಗಿ ಆಸ್ಪತ್ರೆಯ ಕಾರಿಡಾರಿನಲ್ಲಿ ಅತ್ತೆ. ಅಳು ನಿಮ್ಮ ಅರ್ಜಿಯಲ್ಲಿ ಬರೆಯುವ ವಿಷಯವಲ್ಲ, ಆದರೂ ಬರೆದಿದ್ದೇನೆ.

ಮಾರನೆಯ ದಿನ ಎಲೆಕ್ಟ್ರಿಷಿಯನ್ ಬಂದು ಚಾಕುವಿನಿಂದ ಏಣಿಯ ಹಳದಿಯನ್ನು ಕೆರೆದ. ಅಡಿಯಲ್ಲಿ ಬೆಳ್ಳಗಿನ ಅಲ್ಯೂಮಿನಿಯಂ ಹೊಳೆಯಿತು. ಅಷ್ಟೇ. ಒಂದು ಉಗುರಿನಷ್ಟು ಬಣ್ಣದ ಕೆಳಗೆ ಎಲ್ಲ ಗೊತ್ತಾಯಿತು.

ಕಂಪನಿಗೆ ಫೋನ್ ಮಾಡಿದೆ. ಬಹಳ ಮರ್ಯಾದಸ್ಥ ಹುಡುಗಿ ಮಾತಾಡಿದಳು. ನಾನು ತರಿಸಿದ ಏಣಿ ದಾಸ್ತಾನಿನಲ್ಲಿ ಮುಗಿದಿತ್ತಂತೆ. ಗ್ರಾಹಕರಿಗೆ ತಡವಾಗಬಾರದೆಂದು ‘ಸಮಾನ ಅಥವಾ ಉತ್ತಮ ದರ್ಜೆಯ ಬದಲಿ ವಸ್ತು’ ಕಳಿಸಿದ್ದಾರಂತೆ. ಹಾಗೆ ಕಳಿಸುವ ಹಕ್ಕು ತಮಗಿದೆ ಎಂದು ನಾನು ಒಪ್ಪಿದ ಷರತ್ತುಗಳಲ್ಲೇ ಇದೆಯಂತೆ. ನಾನು ಯಾವಾಗ ಒಪ್ಪಿದೆ ಎಂದರೆ, ಆರ್ಡರ್ ಗುಂಡಿ ಒತ್ತಿದಾಗ. ಎರಡನೆಯ ಸಲ ಒಪ್ಪಿದ್ದು ಓಟಿಪಿ ಹೇಳಿದಾಗ. ಮೂರನೆಯ ಸಲ, ಏಣಿಯನ್ನು ಬಳಸಿದಾಗ. ಗಿಡ್ಡಯ್ಯ ಸುಟ್ಟುಕೊಂಡದ್ದೂ ಒಂದು ಒಪ್ಪಿಗೆಯೇ ಆಯಿತು. ಯಾವುದರಲ್ಲಿ ಸಮಾನ ಎಂದು ಕೇಳಿದೆ. ಉದ್ದ ಸಮಾನ, ಬಣ್ಣ ಸಮಾನ, ಹೊರುವ ಭಾರ ಸಮಾನ, ಏಣಿಯ ತೂಕ ಮಾತ್ರ ಉತ್ತಮ ಎಂದಳು. ಪಾಪ, ಅವಳ ಮುಂದಿನ ಪರದೆಯಲ್ಲಿ ಹಾಗೇ ಬರೆದಿತ್ತು. ಕರೆಂಟ್ ಹರಿಯುತ್ತದೆಯೋ ಇಲ್ಲವೋ ಎಂಬ ಕಾಲಂ ಅಲ್ಲಿ ಇರಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಕೊನೆಗೆ ‘ಇನ್ನೇನಾದರೂ ಸಹಾಯ ಬೇಕೇ ಮೇಡಂ’ ಎಂದು ಕೇಳಿದಳು. ಬೇಡಮ್ಮ ಎಂದು ಫೋನಿಟ್ಟೆ.

ಆಗ ತಮ್ಮ ಕಚೇರಿಯ ಬಾಗಿಲಿಗೆ ಬಂದೆ. ಗ್ರಾಹಕನೇ ದೊರೆ ಎಂಬ ಜಾಹೀರಾತನ್ನು ತಾವು ಬಸ್ ನಿಲ್ದಾಣದಲ್ಲಿ ಅಂಟಿಸಿದ್ದೀರಿ, ಅದನ್ನು ಓದಿ ಬಂದೆ. ಮೊದಲ ಉತ್ತರದಲ್ಲಿ, ಮೆಣಸು ಮಾರುವ ಬೆಳೆಯಾದ್ದರಿಂದ ಏಣಿ ವ್ಯಾಪಾರದ ಉದ್ದೇಶಕ್ಕೆ ಕೊಂಡದ್ದು, ಹಾಗಾಗಿ ನಾನು ಗ್ರಾಹಕಳೇ ಅಲ್ಲ ಎಂದಿರಿ. ಸ್ವಂತ ಜೀವನೋಪಾಯಕ್ಕೆ ಕೊಂಡದ್ದು ಎಂದು ನಾನು ಬರೆದ ಮೇಲೆ ದೊಡ್ಡ ಮನಸ್ಸು ಮಾಡಿ ಗ್ರಾಹಕಳನ್ನಾಗಿ ಮಾಡಿಕೊಂಡಿರಿ. ಆಮೇಲೆ ವಿಚಾರಣೆ ಎಂದಿರಿ. ಮೊಬೈಲಿನಲ್ಲಿ ವಿಡಿಯೋ ಮೂಲಕ ಎಂದಿರಿ. ಗಿಡ್ಡಯ್ಯನಿಗೆ ಹೇಳಿದೆ. ಅವನು ಹುಲಿಯಮ್ಮನ ಕೈಯಲ್ಲಿ ಗುಂಡಿ ಹಾಕಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿಕೊಂಡು ಬಂದ. ಸಿಗ್ನಲಿನ ದಿಬ್ಬದ ಮೇಲೆ ಇಬ್ಬರೂ ಕಲ್ಲಿನ ಮೇಲೆ ಕೂತೆವು. ತಾವು ಪರದೆಯ ಮೇಲೆ ಬಂದು ನನ್ನನ್ನು ನಾಲ್ಕು ಮಾತು ಕೇಳಿದಿರಿ. ಆಮೇಲೆ ಪಕ್ಕದಲ್ಲಿರುವವರು ಯಾರು ಎಂದಿರಿ. ಏಟು ತಿಂದವನು ಎಂದೆ. ಖರೀದಿ ಮಾಡಿದವರೇ ಎಂದು ಕೇಳಿದಿರಿ, ಅಲ್ಲ ಎಂದೆ. ಖರೀದಿ ಮಾಡಿದವರ ಕುಟುಂಬದವರೇ ಎಂದಿರಿ, ಅಲ್ಲ ಎಂದೆ. ಹಾಗಾದರೆ ಅವರ ಹೇಳಿಕೆ ಈ ದೂರಿನ ವ್ಯಾಪ್ತಿಗೆ ಬರುವುದಿಲ್ಲ ಎಂದು ಹೇಳಿ ಮುಂದಿನ ದೂರಿಗೆ ಹೋದಿರಿ.

ಗಿಡ್ಡಯ್ಯ ಕಪ್ಪಾದ ಪರದೆಯ ಕಡೆ ಕೈ ತೋರಿಸಿದ. ‘ನನ್ನ ಏನೂ ಕೇಳ್ಳೇ ಇಲ್ವಲ್ಲಮ್ಮ’ ಎಂದ. ಆಮೇಲೆ ನಾವು ದಿಬ್ಬ ಇಳಿದು ಬಂದೆವು. ಅವನ ಪಾದ ಇನ್ನೂ ಮಾಗಿರಲಿಲ್ಲ, ಇಳಿಯಲು ಬಹಳ ಹೊತ್ತು ಹಿಡಿಯಿತು.

ಸ್ವಾಮಿ, ತಮ್ಮ ನ್ಯಾಯದ ಲೆಕ್ಕವನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ, ತಪ್ಪಿದ್ದರೆ ತಿದ್ದಿ. ಏಟು ತಿಂದವನು ಗ್ರಾಹಕನಲ್ಲ. ಗ್ರಾಹಕಳಾದವಳಿಗೆ ಏಟು ಬಿದ್ದಿಲ್ಲ. ಗ್ರಾಹಕಳಿಗೆ ಆದ ತೊಂದರೆ ಎಂದರೆ ತಪ್ಪು ಏಣಿ ಬಂದದ್ದು ಮಾತ್ರ. ಸರಿಯಾದ ಏಣಿ ಕಳಿಸಿದರೆ ಆ ತೊಂದರೆ ನೀಗುತ್ತದೆ. ಕಂಪನಿಯವರು ಇನ್ನೊಂದು ಏಣಿ ಕಳಿಸಿದರು. ತಾವು ಕಡತ ಮುಚ್ಚಿದಿರಿ. ಎಲ್ಲೂ ಒಂದು ನೂಲಿನಷ್ಟು ತಪ್ಪಿಲ್ಲದ ತೀರ್ಮಾನ. ಇಷ್ಟು ಅಚ್ಚುಕಟ್ಟಾದ ಜಾಗದಲ್ಲಿ ಒಬ್ಬ ಮನುಷ್ಯ ಎಲ್ಲಿ ಬಿದ್ದುಹೋದ ಎಂಬುದೊಂದೇ ನನಗೆ ತಿಳಿಯುತ್ತಿಲ್ಲ. ಮಗುವಿಗೆ ತಂದ ಹಾಲಿನಪುಡಿಯನ್ನು ಮಗು ಕೊಂಡಿರುತ್ತದೆಯೇ? ಅತ್ತೆಗೆ ತಂದ ಮಾತ್ರೆಯನ್ನು ಅತ್ತೆ ಆರ್ಡರ್ ಮಾಡಿರುತ್ತಾಳೆಯೇ? ಕೊಳ್ಳುವವರು ಒಬ್ಬರು, ಬಳಸುವವರು ಇನ್ನೊಬ್ಬರು ಎಂಬುದು ತಮ್ಮ ಮನೆಯಲ್ಲೂ ನಡೆಯುವ ವಿಷಯವಲ್ಲವೇ?

ಹೇಳಿದ್ದಕ್ಕೆ ಹೊಂದದ ಸರಕು ಬಂದರೆ ಮಾರಿದವರು ವಾಪಸು ತೆಗೆದುಕೊಳ್ಳಬೇಕು ಎಂಬ ನಿಯಮ ಇದೆ ಎಂದು ತಮ್ಮ ಪತ್ರದಲ್ಲಿ ಹೆಮ್ಮೆಯಿಂದ ಬರೆದಿದ್ದೀರಿ. ಒಳ್ಳೆಯ ನಿಯಮ. ಪಕ್ಕದ ತೋಟದ ಸುಚಿತ್ರಾ ಮರೂನ್ ಸೀರೆ ತರಿಸಿದಳು, ಈರುಳ್ಳಿ ಸಿಪ್ಪೆಯ ಬಣ್ಣದ್ದು ಬಂತು, ವಾಪಸು ಕಳಿಸಿದಳು. ಸೀರೆಯ ಬಣ್ಣ ಬಿಚ್ಚಿದೊಡನೆ ಕಾಣುತ್ತದೆ. ಏಣಿಯೊಳಗಿನ ಲೋಹ ಕಾಣುವುದಿಲ್ಲ. ಔಷಧಿಯೊಳಗಿನ ಮದ್ದು ಕಾಣುವುದಿಲ್ಲ, ಬೀಜದೊಳಗಿನ ತಳಿ ಕಾಣುವುದಿಲ್ಲ. ನಿಮ್ಮ ನಿಯಮವೆಲ್ಲ ಕಂಡ ಮೇಲಿನದು. ಕಾಣುವ ಮೊದಲೇ ಕೆಟ್ಟುಹೋಗುವವರಿಗೆ ಏನಿದೆ? ಏಣಿಯನ್ನೇನೋ ವಾಪಸು ತೆಗೆದುಕೊಂಡು ಹೋದರು. ಬೆರಳಿಗೆ ಆ ಸೌಲಭ್ಯ ಇರಲಿಲ್ಲ.

ಪರಮಶಿವಯ್ಯನವರ ಅಂಗಡಿಯ ಮಾತು ಹೇಳಿದೆನಲ್ಲ. ಅವರನ್ನು ಹೊಗಳುವ ಆಸೆ ನನಗಿಲ್ಲ. ಹಳೆಯ ಮೊಳೆಗೆ ಎಣ್ಣೆ ಸವರಿ ಹೊಸದೆಂದು ಕೊಟ್ಟದ್ದುಂಟು, ತೂಕದ ಹೊತ್ತಿಗೆ ಹವಾಮಾನದ ಮಾತು ತೆಗೆಯುವವರು. ಆದರೆ ಅರ್ಧ ಇಂಚಿನ ಪೈಪು ಕೇಳಿ, ಅದು ಇಲ್ಲದಿದ್ದರೆ, ಅವರು ಮುಕ್ಕಾಲು ಇಂಚಿನದ್ದನ್ನು ಸುಮ್ಮನೆ ಕಟ್ಟಿ ಕೊಡುವುದಿಲ್ಲ. ‘ಅದಿಲ್ಲ ಕಣಮ್ಮ, ಇದೈತೆ. ಆಯ್ತದಾ?’ ಎನ್ನುತ್ತಾರೆ. ಕೇಳಿ, ಮುಖ ನೋಡುತ್ತಾರೆ. ನಾವು ಆಗುತ್ತದೆ ಎನ್ನಬಹುದು, ಆಗುವುದಿಲ್ಲ ಎನ್ನಬಹುದು, ಯಜಮಾನರನ್ನು ಕೇಳಿ ಬರುತ್ತೇನೆ ಎಂದು ಜಾರಿಕೊಳ್ಳಬಹುದು. ನನ್ನನ್ನು ಯಾರಾದರೂ ಹಾಗೆ ಒಂದು ಮಾತು ಕೇಳಿದ್ದರೆ, ಫೈಬರ್ ಇಲ್ಲ, ಅಲ್ಯೂಮಿನಿಯಂ ಇದೆ, ಆಗುತ್ತದೆಯೇ ಎಂದಿದ್ದರೆ, ಬೇಡ ಎನ್ನುತ್ತಿದ್ದೆ. ಒಂದು ಮೆಸೇಜು ಕಳಿಸಿದ್ದರೆ ಸಾಕಿತ್ತು. ದೀಪಾವಳಿ ರಿಯಾಯಿತಿಯ ಮೆಸೇಜು ದಿನಕ್ಕೆ ಏಳೆಂಟು ಕಳಿಸುವ ಕಂಪನಿಗೆ ಇದೊಂದು ಕಷ್ಟವೇ?

ಈಗ ಹೊಸ ಏಣಿಯ ವಿಷಯಕ್ಕೆ ಬರುತ್ತೇನೆ, ಈ ಪತ್ರ ಬರೆಯಲು ಕುಳಿತದ್ದು ಅದಕ್ಕೇ. ತಾವು ಕಡತ ಮುಚ್ಚಲು ಆಧಾರವಾದ ಆ ಏಣಿ ನಮ್ಮ ಸ್ಟೋರಿನಲ್ಲಿ ಗೋಡೆಗೆ ಒರಗಿ ನಿಂತಿದೆ. ಹಳದಿ. ಈ ಸಲ ಫೈಬರ್ ಎಂದು ಬರೆದೇ ಕಳಿಸಿದ್ದಾರೆ. ಹೋದ ಸಲ ಮೊಬೈಲಿನಲ್ಲೂ ಹಾಗೇ ಬರೆದಿತ್ತು. ಎಲೆಕ್ಟ್ರಿಷಿಯನ್ ಮೀಟರು ಹಿಡಿದು ನೋಡಿದ. ಮನೆಯ ಕರೆಂಟಿಗೆ ಏನೂ ಆಗುವುದಿಲ್ಲ, ಹನ್ನೊಂದು ಸಾವಿರದ ತಂತಿಗೆ ನಾನು ಮಾತು ಕೊಡಲಾರೆ ಎಂದು ಹೇಳಿ ಹೋದ. ಅವನನ್ನು ದೂರಲಾರೆ. ತಂತಿಯ ಸಾಲಿನ ಮೆಣಸು ಹಣ್ಣಾಗಿ ಉದುರಲು ಶುರುವಾಗಿದೆ. ಆ ಸಾಲು ಬಿಟ್ಟುಬಿಡೋಣ, ಅಷ್ಟಕ್ಕೂ ಅದು ಬೇಕೇ ಎಂದು ನಾನೂ ಯಜಮಾನರೂ ಮಾತಾಡಿಕೊಂಡಿದ್ದೆವು. ಆದರೆ ಹುಲಿಯಮ್ಮ ಕೇಳಲಿಲ್ಲ.

ಗಿಡ್ಡಯ್ಯ ಇನ್ನು ಏಣಿ ಹತ್ತಲಾರ. ಕುಯ್ಲಿನ ಕಾಲದಲ್ಲಿ ಎಲ್ಲ ತೋಟದವರೂ ಹತ್ತುವವರನ್ನೇ ಕರೆಯುತ್ತಾರೆ, ಬುಡ ಹಿಡಿಯುವವರನ್ನು ಮಾತ್ರ ಯಾರು ಕರೆಯುತ್ತಾರೆ? ಈ ವರ್ಷ ಅವರ ಮನೆಗೆ ಯಾವ ತೋಟದಿಂದಲೂ ಕರೆ ಬರಲಿಲ್ಲ. ಹುಲಿಯಮ್ಮ ಯೋಚನೆ ಮಾಡಿ ತಾನೇ ಹತ್ತುವುದೆಂದು ತೀರ್ಮಾನಿಸಿದ್ದಾಳೆ. ನಮ್ಮಲ್ಲಿ ಒಂದು ಕುಯ್ಲು ಹತ್ತಿ ತೋರಿಸಿದರೆ ಬೇರೆಯವರೂ ಕರೆಯುತ್ತಾರೆ ಎಂಬುದು ಆಕೆಯ ಲೆಕ್ಕ. ಬಿಳಿ ಏಣಿಯಲ್ಲಿ ಉಳಿದ ಮರಗಳನ್ನೆಲ್ಲ ಹತ್ತಿ ಮುಗಿಸಿದಳು. ಮೆಟ್ಟಿಲು ಮೆಟ್ಟಿಲಿಗೂ ಆಕೆ ಏಣಿಯನ್ನು ತಬ್ಬಿ ನಿಲ್ಲುವುದನ್ನು ನಾನು ನೋಡಿದೆ, ನೋಡದವಳಂತೆ ಇದ್ದೆ. ಗಿಡ್ಡಯ್ಯ ಕೆಳಗೆ ಒಂದು ಕೈಯಲ್ಲಿ ಮತ್ತು ಇನ್ನೊಂದರ ಮೊಣಕೈಯಲ್ಲಿ ಬುಡ ಹಿಡಿದು ನಿಂತಿದ್ದ. ಅವನು ಹಾಗೆ ಹಿಡಿ, ಹೀಗೆ ಹಿಡಿ ಎಂದು ಬೈಯುತ್ತಿದ್ದ, ಆಕೆ ಮೇಲಿನಿಂದ ಒಂದು ಮಾತೂ ತಿರುಗಿ ಆಡಲಿಲ್ಲ. ಅವರಿಬ್ಬರೂ ಜಗಳವಾಡದೆ ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈಗ ಉಳಿದಿರುವುದು ತಂತಿಯ ಸಾಲೊಂದೇ. ಇಂದು ಬೆಳಿಗ್ಗೆ ಹುಲಿಯಮ್ಮ ಸ್ಟೋರಿನ ಬಾಗಿಲಲ್ಲಿ ನಿಂತು ಹಳದಿ ಏಣಿಯನ್ನು ನೋಡಿದಳು. ಮುಟ್ಟಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು.

‘ಇದು ಅದೇಯಾ ಅಮ್ಮ? ನೀವು ಊಂ ಅನ್ನಿ, ಹತ್ತತೀನಿ.’

ಹೋದ ಸಲ ಹೌದು ಎಂದವಳು ನಾನೇ. ಈ ಸಲ, ನಾಳೆ ಹೇಳುತ್ತೇನೆ ಎಂದು ಆಕೆಯನ್ನು ಕಳಿಸಿ, ಬಾಗಿಲು ಹಾಕಿಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ. ಕೇಳಿದ ವಸ್ತು ಇಲ್ಲದಿದ್ದರೆ, ಕೊಳ್ಳುವವರನ್ನು ಕೇಳಿ ಅವರು ಹೌದು ಎನ್ನುವವರೆಗೆ ಬೇರೆಯದನ್ನು ಕಳಿಸಕೂಡದು ಎಂದು ನಿಯಮ ಮಾಡಿ. ಸುಮ್ಮನಿದ್ದದ್ದನ್ನು, ಓಟಿಪಿ ಹೇಳಿದ್ದನ್ನು, ನಂಬಿ ಬಳಸಿದ್ದನ್ನು ಹೌದು ಎಂದು ಬರೆದುಕೊಳ್ಳಬೇಡಿ. ವಸ್ತು ಕೊಂಡವರಷ್ಟೇ ಅಲ್ಲ, ಅದನ್ನು ಕೈಯಲ್ಲಿ ಹಿಡಿದವರೂ ತಮ್ಮ ಮುಂದೆ ಬಂದು ಮಾತಾಡುವ ಹಾಗಿರಲಿ. ಗಿಡ್ಡಯ್ಯನನ್ನು ಕರೆಸಿ, ಈ ಸಲ ಅವನನ್ನೇ ಕೇಳಿ. ಇವೆಲ್ಲ ಆಗಲು ವರ್ಷಗಳು ಬೇಕೆಂದು ನನಗೆ ಗೊತ್ತು, ಕಾಯುತ್ತೇವೆ.

ಕಾಯಲಾಗದ್ದು ಒಂದೇ. ಸರಿಯಾದ ಏಣಿ ತಲುಪಿದೆ ಎಂದು ತಾವು ನೋಡದೆಯೇ ಬರೆದು ಸಹಿ ಹಾಕಿದ್ದೀರಿ. ಹಾಗಿದ್ದರೆ ಒಂದು ದಿನದ ಮಟ್ಟಿಗೆ ಬನ್ನಿ. ಬಸ್ಸು ಬಾಳ್ಳುಪೇಟೆಯಲ್ಲಿ ನಿಲ್ಲುತ್ತದೆ, ಕರೆತರಲು ಗಾಡಿ ಕಳಿಸುತ್ತೇನೆ. ತಂತಿಯ ಕೆಳಗೆ ಏಣಿ ನಿಲ್ಲಿಸುತ್ತೇವೆ. ಹುಲಿಯಮ್ಮ ಮೊದಲ ಮೆಟ್ಟಿಲಿಗೆ ಕಾಲಿಡುವ ಮೊದಲು ನನ್ನನ್ನು ಕೇಳಿದ್ದನ್ನೇ ತಮ್ಮನ್ನು ಕೇಳುತ್ತಾಳೆ. ಆಕೆಯ ಮುಖ ನೋಡಿ ‘ಹೌದು, ಹತ್ತಮ್ಮ’ ಎಂದು ಹೇಳಿ. ಹೇಳಿ, ಅವಳು ಇಳಿಯುವವರೆಗೆ ಗಿಡ್ಡಯ್ಯನ ಪಕ್ಕದಲ್ಲಿ ನಿಂತು ಏಣಿಯ ಬುಡ ಹಿಡಿದುಕೊಳ್ಳಿ. ಅದು ಸಾಧ್ಯವಿಲ್ಲವೆಂದು ತಮಗೆ ಅನ್ನಿಸಿದರೆ, ಇತ್ಯರ್ಥವಾಗಿದೆ ಎಂದು ಬರೆದ ಆ ಸಾಲನ್ನು ಇವತ್ತೇ ಹೊಡೆದುಹಾಕಿ.

ಇಂತಿ,
ಏಣಿ ಕೊಂಡವಳು, ಹತ್ತದವಳು,
ಆ ಕಾರಣಕ್ಕೇ ತಮ್ಮ ಲೆಕ್ಕದಲ್ಲಿ ಗ್ರಾಹಕಳು,
ಶಿವಲೀಲಾ
ಬಾಳ್ಳುಪೇಟೆ ಹತ್ತಿರ, ಹಾಸನ ಜಿಲ್ಲೆ